ಮೊದಲು ‘ಕರ್ವಾಲೊ’ನಾ, ‘ಜುಗಾರಿ ಕ್ರಾಸ್’ ಆ?

7ನೇ ಕ್ಲಾಸು ದಾಟಿದ ಮಕ್ಕಳಿಗೆ ತೇಜಸ್ವಿಯವರ ಯಾವ ಕಾದಂಬರಿ ಮೊದಲು ಕೊಡಬೇಕು? ನಾನಂತೂ 1980ರ ‘ಕರ್ವಾಲೊ’ ಕೊಡುತ್ತೇನೆ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಟವರ ಕಥೆ. ಜೇನಿನ ಹುಚ್ಚಿನ ಮಂದಣ್ಣ ಊರವರ ಕಣ್ಣಿಗೆ ದಡ್ಡ. ವಿಜ್ಞಾನಿ ಕರ್ವಾಲೊಗೆ ಮಾತ್ರ ಅವನ ಬೆಲೆ ಗೊತ್ತು. ಮಾರ್ಕ್ಸ್ ಕಡಿಮೆ ಬಂದು ಮುಖ ಸಣ್ಣ ಮಾಡಿಕೊಂಡ ಮಗುವಿಗೆ ಇದಕ್ಕಿಂತ ಒಳ್ಳೆ ಗೆಳೆಯ ಬೇಕಾ? ಕಿವಿ ಅನ್ನೋ ನಾಯಿ, ಬಿರಿಯಾನಿ ಕರಿಯಪ್ಪ, ಎಲ್ಲರೂ ನಗಿಸುತ್ತಾರೆ. ಜೀವವಿಕಾಸದ ಮಾತು ಬಂದಾಗ ಓದು ಸ್ವಲ್ಪ ನಿಧಾನವಾಗುತ್ತದೆ. ಆಗ ಪಕ್ಕದಲ್ಲಿ ಕೂತು ನೀವೂ ಓದಿ.

‘ಜುಗಾರಿ ಕ್ರಾಸ್’ ಓಟವೇ ಬೇರೆ. ಏಲಕ್ಕಿ ಮಾರಲು ಹೋದ ಸುರೇಶ, ಗೌರಿ ದಂಪತಿಗೆ ಒಂದೇ ದಿನದಲ್ಲಿ ಏನೆಲ್ಲ ಎದುರಾಗುತ್ತದೆ! ಪುಸ್ತಕ ಕೆಳಗಿಡಲು ಮನಸ್ಸೇ ಬರುವುದಿಲ್ಲ. ಆದರೆ ಕಳ್ಳದಂಧೆ, ಹಿಂಸೆ ಜಾಸ್ತಿ. 14 ತುಂಬಲಿ, ಆಮೇಲೆ ಕೊಡಿ.