ಬೇಸ್‌ಮೆಂಟಿಗೆ ನೀರು ನುಗ್ಗಿದ್ದರೆ, ಗೋಡೆ ಒಣಗುವ ಮೊದಲು ಯಾರಿಗೂ ಬಣ್ಣ ಹೊಡೆಯಲು ಬಿಡಬೇಡಿ

ಮಳೆ ನೀರು ನಮ್ಮ ಬೇಸ್‌ಮೆಂಟನ್ನು ಹಾಳು ಮಾಡಿದ್ದಕ್ಕಿಂತ, ಆಮೇಲೆ ಬಂದ ರಿಪೇರಿಯವರು ಹಾಳು ಮಾಡಿದ್ದೇ ಜಾಸ್ತಿ. ಒದ್ದೆ ಗೋಡೆಗೆ ಪುಟ್ಟಿ ಎಳೆದರು, ಬಣ್ಣ ಬಳಿದರು, ಕೆಲವು ಕಡೆ ಅದರ ಮೇಲೆ ಪ್ಲೈವುಡ್ ಪ್ಯಾನೆಲ್ ಕೂರಿಸಿದರು, ಪೂರ್ತಿ ಹಣ ಎಣಿಸಿಕೊಂಡು ಹೋದರು. ಕೆಲವೇ ತಿಂಗಳಲ್ಲಿ ಅಷ್ಟನ್ನೂ ಕಿತ್ತು ಮೊದಲಿನಿಂದ ಮಾಡಿಸಬೇಕಾಯಿತು. ಮಳೆಗಾಲದಲ್ಲಿ ಇಂಥವರ ಫೋನ್ ನಂಬರು ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಂದವರ ಮಾತು ಹೀಗಿತ್ತು: "ಒಂದು ವಾರ ಕೊಡಿ ಸರ್, ನೀರು ಬಂದಿತ್ತು ಅಂತ ಯಾರಿಗೂ ಗೊತ್ತಾಗಲ್ಲ." ಗೋಡೆ ಮುಟ್ಟಿದರೆ ಇನ್ನೂ ತಣ್ಣಗಿದೆಯಲ್ಲ ಎಂದು ಕೇಳಿದೆ. "ಈ ಕೋಟಿಂಗ್ ಇರೋದೇ ಒದ್ದೆ ಗೋಡೆಗೆ" ಎಂದರು. ಹತ್ತು ವರ್ಷದ ಗ್ಯಾರಂಟಿ ಕಾರ್ಡನ್ನೂ ಕೈಗಿಟ್ಟರು.

ಮೊದಲು ಕಾಣಿಸಿದ್ದು ನೆಲದಿಂದ ಮೊಳದೆತ್ತರದಲ್ಲಿ ಎದ್ದ ಗುಳ್ಳೆಗಳು. ಒಂದನ್ನು ಹೆಬ್ಬೆರಳಿನಿಂದ ಒತ್ತಿದೆ. ಬಣ್ಣದ ಪೊರೆ ಹರಿದು ನೀರು ಮುಂಗೈವರೆಗೂ ಇಳಿಯಿತು. ಒಳಗೆ ಗಾರೆಯ ಮೇಲೆ ಬಿಳಿ ಉಪ್ಪಿನ ಪುಡಿ ಹರಳುಗಟ್ಟಿ ನಿಂತಿತ್ತು. ಉಗುರಿನಿಂದ ಗೀರಿದರೆ ಗಾರೆಯೂ ಜೊತೆಗೇ ಉದುರುತ್ತಿತ್ತು. ಪ್ಯಾನೆಲ್ಲಿನ ಸ್ಕ್ರೂಗಳಿಂದ ತುಕ್ಕಿನ ಕಂದು ಗೆರೆ ಕೆಳಕ್ಕೆ ಹರಿದಿತ್ತು. ಒಂದು ಪ್ಯಾನೆಲ್ ಬಿಚ್ಚಿಸಿದೆವು. ಹಿಂಭಾಗವೆಲ್ಲ ಕಪ್ಪು, ಹಸಿರು ಬೂಷ್ಟು. ಆ ಮುಗ್ಗಲು ವಾಸನೆ ಮೆಟ್ಟಿಲು ಹತ್ತಿ ಅಡುಗೆಮನೆವರೆಗೂ ಬಂತು. ಅಮ್ಮನಿಗೆ ಅಷ್ಟು ದಿನದಿಂದ ಬಿಡದೆ ಕಾಡುತ್ತಿದ್ದ ಕೆಮ್ಮು ನೆನಪಾಗಿ ನನಗೆ ನಿಜಕ್ಕೂ ಸಿಟ್ಟು ಬಂತು.

ಫೋನ್ ಮಾಡಿದರೆ, "ಇದು ಹೊಸದಾಗಿ ಬಂದಿರೋ ನೀರು, ನಮ್ಮ ಕೆಲಸದ ತಪ್ಪಲ್ಲ" ಎಂದರು. ಗ್ಯಾರಂಟಿ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ, ಮಣ್ಣಿನ ನೀರಿನ ಒತ್ತಡದಿಂದ ಆಗುವ ಹಾನಿಗೆ ಇದು ಅನ್ವಯಿಸುವುದಿಲ್ಲ ಎಂದಿತ್ತು. ಬೇಸ್‌ಮೆಂಟಿನ ಗೋಡೆಗೆ ನೀರು ಬರುವುದೇ ಮಣ್ಣಿನ ಕಡೆಯಿಂದ! ಅದನ್ನೇ ಬಿಟ್ಟು ಕೊಟ್ಟ ಗ್ಯಾರಂಟಿ ಯಾವುದಕ್ಕೆ?

ಇದು ಯಾಕೆ ಹೀಗಾಗುತ್ತದೆ ಎಂದು ತಿಳಿದುಕೊಳ್ಳುವುದು ಮುಖ್ಯ. ಇಟ್ಟಿಗೆ, ಕಾಂಕ್ರೀಟು, ಗಾರೆ ಎಲ್ಲವೂ ನೀರು ಕುಡಿಯುತ್ತವೆ. ನೆಲದ ನೀರು ಹೋದ ಮೇಲೂ ಗೋಡೆಯ ಹೊಟ್ಟೆಯೊಳಗೆ ನೀರು ಇರುತ್ತದೆ. ಟೊಳ್ಳು ಬ್ಲಾಕಿನ ಗೋಡೆಯಾದರೆ ಅದರ ಗೂಡುಗಳಲ್ಲೇ ನೀರು ನಿಂತಿರುತ್ತದೆ. ಕೆಳಗಿನ ಸಾಲಿನಲ್ಲಿ ಸಣ್ಣ ತೂತು ಕೊರೆದರೆ ಸುರಿಯುವುದು ಕಾಣುತ್ತದೆ. ಈ ನೀರು ಹೊರಗೆ ಬರುವಾಗ ಗಾರೆಯಲ್ಲಿರುವ ಉಪ್ಪನ್ನೂ ಕರಗಿಸಿಕೊಂಡು ಬರುತ್ತದೆ. ಅದಕ್ಕೆ ಅಡ್ಡ ಬಣ್ಣದ ಪದರ ಕಟ್ಟಿದರೆ, ಉಪ್ಪು ಅದರ ಹಿಂದೆಯೇ ಹರಳುಗಟ್ಟಿ ಪದರವನ್ನು ನೂಕಿ ಎಬ್ಬಿಸುತ್ತದೆ. ಒಳಗಿನಿಂದ ಹಚ್ಚಿದ ಮಾಮೂಲಿ ಕೋಟಿಂಗಿಗೆ ಇನ್ನೊಂದು ಕಷ್ಟವೂ ಇದೆ. ಹೊರಗಿನಿಂದ ಹಚ್ಚಿದ್ದನ್ನು ನೀರು ಗೋಡೆಗೆ ಒತ್ತಿ ಹಿಡಿಯುತ್ತದೆ. ಒಳಗಿನಿಂದ ಹಚ್ಚಿದ್ದನ್ನು ಗೋಡೆಯಿಂದ ಆಚೆಗೆ ತಳ್ಳುತ್ತದೆ.

ಎಷ್ಟು ದಿನ ಒಣಗಿಸಬೇಕು ಎಂದರೆ, ವಾರಗಳಲ್ಲಿ ಲೆಕ್ಕ ಹಾಕಿ. ದಪ್ಪ ಗೋಡೆಗೆ ತಿಂಗಳುಗಳೂ ಬೇಕಾಗಬಹುದು. ಕೈಯಿಂದ ಮುಟ್ಟಿ ನೋಡಿ ತೀರ್ಮಾನಿಸಬೇಡಿ. ಮೇಲ್ಮೈ ಬೇಗ ಒಣಗುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಸುಲಭದ ಪರೀಕ್ಷೆ ಒಂದಿದೆ. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಗೋಡೆಗೊಂದು, ನೆಲಕ್ಕೊಂದು, ನಾಲ್ಕೂ ಅಂಚಿನಲ್ಲಿ ಟೇಪ್ ಹಾಕಿ ಗಟ್ಟಿಯಾಗಿ ಅಂಟಿಸಿ. ಕಡಿಮೆ ಅಂದರೂ 16 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ, ಅಥವಾ ಆ ಜಾಗ ಕಪ್ಪಾಗಿ ಕಂಡರೆ, ಗೋಡೆ ಇನ್ನೂ ಹಸಿ. ಮರದ ಚೌಕಟ್ಟು ಇದ್ದರೆ ತೇವ ಅಳೆಯುವ ಮೀಟರ್ ಚುಚ್ಚಿಸಿ ನೋಡಿ. ಮರದಲ್ಲಿ ತೇವ ಶೇಕಡಾ 15ರ ಆಸುಪಾಸಿಗೆ ಇಳಿಯುವ ತನಕ ಅದನ್ನು ಮುಚ್ಚಬೇಡಿ.

ಹಾಗಂತ ಸುಮ್ನೆ ಕೂರುವಂತೆಯೂ ಇಲ್ಲ. ಒದ್ದೆಯಾದ ವಸ್ತುವಿನ ಮೇಲೆ 24ರಿಂದ 48 ಗಂಟೆಯೊಳಗೆ ಬೂಷ್ಟು ಬೆಳೆಯಲು ಶುರುವಾಗಬಹುದು. ಬಿಚ್ಚುವ, ಹೊರಹಾಕುವ, ಗಾಳಿಯಾಡಿಸುವ ಕೆಲಸಕ್ಕೆ ಅವಸರ ಬೇಕು. ಮುಚ್ಚುವ ಕೆಲಸಕ್ಕೆ ಬೇಡ. ನಮ್ಮ ಮನೆಗೆ ಬಂದವರು ಇದನ್ನು ತಿರುವುಮುರುವು ಮಾಡಿದರು. ನೆನೆದ ಜಿಪ್ಸಂ ಬೋರ್ಡ್, ಹಾಸಿಗೆ, ಕಾರ್ಪೆಟ್ ಉಳಿಸುವ ಆಸೆ ಬೇಡ. ಜಿಪ್ಸಂ ಬೋರ್ಡು ನೀರನ್ನು ಮೇಲಕ್ಕೆ ಹೀರುತ್ತದೆ. ಹಾಗಾಗಿ ನೀರು ನಿಂತ ಗುರುತಿಗಿಂತ ಕನಿಷ್ಠ ಒಂದು ಅಡಿ ಮೇಲಿನವರೆಗೂ ಕತ್ತರಿಸಿ ತೆಗೆಸಿ. ಎಸೆಯುವ ಮೊದಲು ಎಲ್ಲದರ ಫೋಟೋ ತೆಗೆದಿಡಿ, ವಿಮೆಯವರು ಕೇಳುತ್ತಾರೆ. ಗಾಳಿಯ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಓಡುತ್ತಿದ್ದರೆ ಕಿಟಕಿ ಮುಚ್ಚಿರಲಿ. ಹೊರಗೆ ಮಳೆ ಹಿಡಿದಿರುವಾಗ ಕಿಟಕಿ ತೆರೆದರೆ ತೇವದ ಗಾಳಿ ಒಳಗೆ ಬಂದು ತಣ್ಣನೆ ಗೋಡೆಯ ಮೇಲೆ ಮತ್ತೆ ಹನಿಯಾಗುತ್ತದೆ. ಬೂಷ್ಟಿನ ಮೇಲೆ ಬ್ಲೀಚ್ ಸುರಿದು ಬಣ್ಣ ಹೊಡೆದರೆ ಸಾಕು ಅನ್ನುವವರಿದ್ದಾರೆ, ನಂಬಬೇಡಿ. ಪ್ಲೈವುಡ್ಡಿನೊಳಗೆ ಇಳಿದ ಬೂಷ್ಟು ಅದರಿಂದ ಹೋಗುವುದಿಲ್ಲ. ಬ್ಲೀಚನ್ನು ಅಮೋನಿಯಾ ಇರುವ ದ್ರಾವಣಕ್ಕೋ ಆಸಿಡ್ಡಿಗೋ ಬೆರೆಸಿದರೆ ವಿಷಗಾಳಿ ಏಳುತ್ತದೆ.

ಇನ್ನೂ ನೀರು ನಿಂತಿರುವವರಿಗೆ ಒಂದೆರಡು ಮಾತು. ಇವು ಜೀವಕ್ಕೆ ಸಂಬಂಧಿಸಿದವು. ಮೇನ್ ಸ್ವಿಚ್ ಮುಟ್ಟಲು ನೀರಿನಲ್ಲಿ ಕಾಲಿಡಬೇಕು ಅಂದರೆ ಕೆಳಗೆ ಇಳಿಯಲೇಬೇಡಿ, ವಿದ್ಯುತ್ ಇಲಾಖೆಯವರಿಂದ ಹೊರಗಿನಿಂದಲೇ ಸಂಪರ್ಕ ತೆಗೆಸಿ. ಪೆಟ್ರೋಲ್, ಡೀಸೆಲ್ ಪಂಪನ್ನು ಬೇಸ್‌ಮೆಂಟಿನ ಒಳಗೆ ಇಟ್ಟು ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮನುಷ್ಯ ಎಚ್ಚರ ತಪ್ಪಿ ಬೀಳುವವರೆಗೂ ಗೊತ್ತಾಗುವುದಿಲ್ಲ. ನೀರು ಆಳವಾಗಿದ್ದರೆ ಒಂದೇ ಸಲಕ್ಕೆ ಖಾಲಿ ಮಾಡಬೇಡಿ. ಹೊರಗಿನ ನೆನೆದ ಮಣ್ಣು ಗೋಡೆಯನ್ನು ಒಳಕ್ಕೆ ಒತ್ತುತ್ತಿರುತ್ತದೆ. ಒಳಗಿನ ನೀರು ಅದಕ್ಕೆ ಎದುರೊತ್ತು ಕೊಟ್ಟು ನಿಂತಿರುತ್ತದೆ. ಒಂದು ಮೀಟರ್ ಆಳದ ನೀರು ತಳದಲ್ಲಿ ಪ್ರತಿ ಚದರ ಮೀಟರಿಗೆ 1000 ಕೆಜಿ ಭಾರದಷ್ಟು ಒತ್ತುತ್ತದೆ. ಎದುರೊತ್ತು ಒಮ್ಮೆಲೇ ಹೋದರೆ ಗೋಡೆ ಬಿರುಕು ಬಿಡಬಹುದು, ಕುಸಿಯಲೂಬಹುದು. ಒಂದು ಅಡಿ ಇಳಿಸಿ, ಗೋಡೆಯ ಮೇಲೆ ಗುರುತು ಹಾಕಿ, ಮಾರನೇ ದಿನ ನೋಡಿ. ನೀರು ಮತ್ತೆ ಏರಿದ್ದರೆ ಮಣ್ಣು ಇನ್ನೂ ತುಂಬಿಕೊಂಡಿದೆ ಎಂದರ್ಥ, ಕಾಯಬೇಕು.

ಎರಡನೇ ಸಲ ಕೆಲಸಕ್ಕೆ ಬಂದ ಮೇಸ್ತ್ರಿ ಒಳಗಿನ ಗೋಡೆ ನೋಡುವ ಮೊದಲೇ ಮನೆಯ ಸುತ್ತ ಒಂದು ಸುತ್ತು ಹಾಕಿದರು. ಅಷ್ಟರಿಂದಲೇ ಅವರ ಮೇಲೆ ನಂಬಿಕೆ ಹುಟ್ಟಿತು. ತಾರಸಿಯ ನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿದ್ದುದನ್ನು ತೋರಿಸಿದರು. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು. ಅಷ್ಟೂ ಒಂದೇ ಮೂಲೆಯಲ್ಲಿ ಇಂಗುತ್ತಿತ್ತು. ಸುತ್ತಲಿನ ಅಂಗಳವೂ ಮನೆಯ ಕಡೆಗೇ ವಾಟವಾಗಿತ್ತು. ಮೊದಲು ಬಂದವರು ಹೊರಗೆ ಕಾಲಿಟ್ಟೂ ನೋಡಿರಲಿಲ್ಲ. ಈಗ ಪೈಪನ್ನು ದೂರಕ್ಕೆ ಎಳೆಸಿದ್ದೇವೆ. ಗೋಡೆಯಿಂದ 3 ಮೀಟರ್ ದೂರಕ್ಕೆ 15 ಸೆಂಟಿಮೀಟರ್ ಇಳಿಜಾರು ಬರುವಂತೆ ಮಣ್ಣು ಏರಿಸಿದ್ದೇವೆ. ಡ್ರೈನೇಜ್ ಪೈಪಿಗೆ ನೀರು ಹಿಂದಕ್ಕೆ ಬರದಂತೆ ವಾಲ್ವ್ ಹಾಕಿಸಿದ್ದೇವೆ.

ಕೆಲಸ ಒಪ್ಪಿಸುವ ಮುಂಚೆ ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ನೀರು ಎಲ್ಲಿಂದ ಬಂತು, ಅದನ್ನು ಹೇಗೆ ತಡೆಯುತ್ತಾರೆ, ಮುಚ್ಚುವ ಮೊದಲು ತೇವದ ಪರೀಕ್ಷೆಯನ್ನು ನಿಮ್ಮ ಕಣ್ಣೆದುರು ಮಾಡುತ್ತಾರಾ, ಗ್ಯಾರಂಟಿ ಯಾವುದಕ್ಕೆ ಇಲ್ಲ. ಹಣ ಹಂತ ಹಂತವಾಗಿ ಕೊಡಿ. ಕೊನೆಯ ಕಂತನ್ನು ಒಂದು ಜೋರು ಮಳೆ ಕಳೆದ ಮೇಲೆ ಕೊಡುತ್ತೇನೆ ಎಂದು ಮೊದಲೇ ಮಾತಾಡಿ. ನೀರಲ್ಲಿ ಮುಳುಗಿದ್ದ ಸ್ವಿಚ್ಚು, ಪ್ಲಗ್ ಪಾಯಿಂಟು, ತಾನಾಗಿಯೇ ಕರೆಂಟ್ ಕಡಿಯುವ ಎಂಸಿಬಿಗಳನ್ನು ಒಣಗಿಸಿ ಮತ್ತೆ ಹಾಕುತ್ತೇವೆ ಎಂದರೆ ಒಪ್ಪಬೇಡಿ, ಹೊಸದೇ ಹಾಕಿಸಿ. ಹಾಕಿಸುವಾಗ ನೀರು ನಿಂತ ಗುರುತಿಗಿಂತ ಮೇಲಕ್ಕೆ ಏರಿಸಿಬಿಡಿ.