ಹವಾಯಿಯ ಪುನಾದಲ್ಲಿ ಒಂದು ಎಕರೆ: ಅಗ್ಗದ ಸೈಟು ಎಷ್ಟು ಒಳ್ಳೆಯದು?

ಹವಾಯಿ ದ್ವೀಪದ ಪುನಾ ಜಿಲ್ಲೆಯ ಸೈಟುಗಳು ಅಗ್ಗ. ಕಾರಣ ನೆಲದಡಿಯಲ್ಲಿದೆ: ಜ್ವಾಲಾಮುಖಿ. ಮೊದಲು ಲಾವಾ ಅಪಾಯದ ನಕ್ಷೆ ನೋಡಿ: ವಲಯ 1 ಅತ್ಯಂತ ಅಪಾಯಕಾರಿ, 9 ಸುರಕ್ಷಿತ. ವಲಯ 1ರಲ್ಲಿರುವ ಲೈಲಾನಿ ಎಸ್ಟೇಟ್ಸ್ ಬಡಾವಣೆ ಮತ್ತು ಸುತ್ತಮುತ್ತ 2018ರ ಕಿಲವೇಯಾ ಜ್ವಾಲಾಮುಖಿಯ ಸ್ಫೋಟದಲ್ಲಿ 700ಕ್ಕೂ ಹೆಚ್ಚು ಮನೆಗಳು ನಾಶವಾದವು. ವಲಯ 1, 2ರಲ್ಲಿ ವಿಮೆ, ಬ್ಯಾಂಕ್ ಸಾಲ ಎರಡೂ ಕಷ್ಟ. ಬಹುಪಾಲು ವಲಯ 3ರಲ್ಲಿರುವ ಹವಾಯಿಯನ್ ಪ್ಯಾರಡೈಸ್ ಪಾರ್ಕ್ ಬಡಾವಣೆ ನಮ್ಮ ಆಯ್ಕೆ.

ಹೆಚ್ಚಿನ ಕಡೆ ನಲ್ಲಿ ನೀರಿಲ್ಲ, ಚಾವಣಿಯ ಮಳೆನೀರೇ ಗತಿ. 100 ಚದರ ಮೀಟರ್ ಚಾವಣಿಗೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,500 ಲೀಟರ್. ಜ್ವಾಲಾಮುಖಿ ಹೊಗೆಯಿಂದ ಮಳೆ ಆಮ್ಲೀಯವಾಗಿ ಹಳೆಯ ಚಾವಣಿಯ ಸೀಸವನ್ನು ಕರಗಿಸಿಕೊಂಡು ಬರುತ್ತದೆ. ಹಳೆ ಮನೆಯಾದರೆ ನೀರಿನ ಸೀಸ ಪರೀಕ್ಷೆ ಮಾಡಿಸದೆ ಮುಂಗಡ ಕೊಡಲೇಬೇಡಿ. ಟ್ಯಾಂಕಿಗೆ ಗಟ್ಟಿ ಮುಚ್ಚಳ ಬೇಕು, ಬಸವನಹುಳು ಬಿದ್ದರೆ ಅದರಲ್ಲಿರಬಹುದಾದ ಇಲಿ ಶ್ವಾಸಕೋಶ ಹುಳು ಎಂಬ ಪರಾವಲಂಬಿಯ ಸೋಂಕು ನೀರು ಕುಡಿದವರ ಮಿದುಳಿಗೇ ತಾಗಬಹುದು. ಫಿಲ್ಟರ್ ಆದಮೇಲೆಯೇ ರೋಗಾಣು ಕೊಲ್ಲುವ ಯುವಿ (ಅತಿನೇರಳೆ) ದೀಪ, ಏಕೆಂದರೆ ಕಲಕು ನೀರಿನಲ್ಲಿ ಬೆಳಕು ಹಾಯುವುದಿಲ್ಲ.

ಹಳೆಯ ಮಲಗುಂಡಿಯಿದ್ದರೆ ಬೆಲೆ ಇಳಿಸಿ ಕೇಳಿ: 2050ರೊಳಗೆ ಅದನ್ನು ಬದಲಿಸಬೇಕೆಂದು ರಾಜ್ಯದ ಕಾನೂನಿದೆ. ಪಕ್ಕದ ಸೈಟಿನಲ್ಲಿ ಬೇಗ ಬೆಳೆದು ಸುಲಭವಾಗಿ ಮುರಿಯುವ ಅಲ್ಬಿಜಿಯಾ ಮರಗಳಿವೆಯೇ ನೋಡಿ. 2014ರ ಇಸೆಲ್ ಚಂಡಮಾರುತಕ್ಕೆ ಅವು ಮುರಿದು ರಸ್ತೆ, ವಿದ್ಯುತ್ ತಂತಿಗಳ ಮೇಲೆ ಬಿದ್ದಿದ್ದವು.