ಎಚ್‌ಒ ಕಟ್ಟಬೇಕಾ, ಎನ್ ಕಟ್ಟಬೇಕಾ? ಘಾಟಿ ರೈಲಿನ ಹುಚ್ಚಿನಲ್ಲಿ ಎರಡನ್ನೂ ಓಡಿಸಿ ನೋಡಿದ್ದು

ಮಾಡೆಲ್ ರೈಲಿನ ಹುಚ್ಚು ಹತ್ತಿದವರು ಮೊದಲು ಕೇಳುವುದು ಒಂದೇ: ಯಾವ ಸ್ಕೇಲ್ (ನಿಜದ ರೈಲನ್ನು ಕುಗ್ಗಿಸುವ ಅಳತೆ) ತಗೊಳ್ಳಲಿ? ಸಿಗುವ ಉತ್ತರವೂ ಒಂದೇ. ಜಾಗ ಇದ್ದರೆ ದೊಡ್ಡ ಅಳತೆಯ ಎಚ್‌ಒ, ಇಲ್ಲದಿದ್ದರೆ ಚಿಕ್ಕ ಅಳತೆಯ ಎನ್. ನಾನು ಎರಡನ್ನೂ ಮನೆಯಲ್ಲಿ ಕಟ್ಟಿ ಓಡಿಸಿದ್ದೇನೆ. ಈ ಉತ್ತರ ತಪ್ಪಲ್ಲ, ಆದರೆ ಸಾಲದು. ದೊಡ್ಡ ಕೋಣೆ ಇದ್ದೂ ಎನ್ ತಗೊಳ್ಳಬೇಕಾದವರಿದ್ದಾರೆ. ಗೋಡೆಯ ಮೇಲೆ ಒಂದೇ ಶೆಲ್ಫ್ ಇದ್ದೂ ಎಚ್‌ಒಗೇ ಹೋಗಬೇಕಾದವರಿದ್ದಾರೆ. ರೈಲು ಓಡುವುದನ್ನು ನೋಡೋ ಆಸೆಯಾ, ರೈಲನ್ನು ಕೈಯಾರೆ ಮಾಡೋ ಆಸೆಯಾ ಅನ್ನೋದನ್ನ ಮೊದಲು ಕೇಳಿಕೊಳ್ಳಬೇಕು.

ನನ್ನ ಆಸೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ. ಸುಮಾರು 55 ಕಿ.ಮೀ. ದಾರಿ, 57 ಸುರಂಗ, 50ಕ್ಕೆ 1ರ ಏರು (50 ಮೀಟರ್ ಹೋದರೆ 1 ಮೀಟರ್ ಎತ್ತರ). ಕಾಡು, ಅಡಿಕೆ ತೋಟ, ಬಿಡದ ಮಳೆ. ಕೆಳಗಿನ ಹೋಲಿಕೆಯೆಲ್ಲ ಈ ಘಾಟಿಯನ್ನು ಇಟ್ಟುಕೊಂಡೇ ಮಾಡಿದ್ದು. ಜರ್ಮನಿಯ ಯಾರ್ಡೋ ಜಪಾನಿನ ಬುಲೆಟ್ ರೈಲೋ ಬೇಕು ಅನ್ನುವವರ ಲೆಕ್ಕ ಬೇರೆ.

ಉದ್ದದ ಲೆಕ್ಕ

ಎಚ್‌ಒ ಅಂದರೆ ನಿಜದ 87ರಲ್ಲಿ ಒಂದು ಪಾಲು, ಎರಡು ಹಳಿಗಳ ನಡುವಿನ ಅಗಲ 16.5 ಮಿ.ಮೀ. ಎನ್ ಅಂದರೆ 160ರಲ್ಲಿ ಒಂದು ಪಾಲು, ಹಳಿ 9 ಮಿ.ಮೀ. (ಬ್ರಿಟನ್ನಿನ ಎನ್ 148ಕ್ಕೆ ಒಂದು, ಜಪಾನಿನ ಮಾಮೂಲಿ ರೈಲುಗಳು 150ಕ್ಕೆ ಒಂದು. ಹಳಿ ಮಾತ್ರ ಎಲ್ಲದಕ್ಕೂ ಅದೇ 9.)

ಈಗಿನ ಎಕ್ಸ್‌ಪ್ರೆಸ್ ರೈಲುಗಳ ಎಲ್‌ಎಚ್‌ಬಿ ಡಬ್ಬಿ ಕಪ್ಲರ್ (ಜೋಡಿಸುವ ಕೊಂಡಿ) ಸೇರಿ 24 ಮೀಟರ್. ಎಚ್‌ಒದಲ್ಲಿ ಅದು 27.6 ಸೆಂ.ಮೀ., ಎನ್‌ನಲ್ಲಿ 15 ಸೆಂ.ಮೀ. ಒಂದು ಡಬ್ಬಿ ನೋಡಿದಾಗ ಏನೂ ಅನಿಸಲ್ಲ. ಇಪ್ಪತ್ತು ಡಬ್ಬಿ ಜೋಡಿಸಿ ನೋಡಿ. ಎಚ್‌ಒದಲ್ಲಿ ಐದೂವರೆ ಮೀಟರ್. ನಮ್ಮ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೂ ಅಷ್ಟಿಲ್ಲ. ಎನ್‌ನಲ್ಲಿ ಮೂರು ಮೀಟರ್. ಹಾಗಾಗಿ ಎಚ್‌ಒ ಕಟ್ಟಿದ ಮನೆಗಳಲ್ಲಿ ನೀವು ನೋಡೋದು ಐದಾರು ಡಬ್ಬಿಯ ಪ್ಯಾಸೆಂಜರ್ ಗಾಡಿ. ನಮ್ಮ ಎಕ್ಸ್‌ಪ್ರೆಸ್ ರೈಲುಗಳ ಗತ್ತು ಇರೋದೇ ಅವುಗಳ ಉದ್ದದಲ್ಲಿ, ಅಲ್ವಾ? ಎಂಜಿನ್ ಸುರಂಗ ಹೊಕ್ಕು ಆಚೆ ಬಂದರೂ ಬಾಲ ಇನ್ನೂ ಸೇತುವೆ ಮೇಲೇ ಇರಬೇಕು. ಅದು ನನಗೆ ಸಿಕ್ಕಿದ್ದು ಎನ್‌ನಲ್ಲಿ ಮಾತ್ರ.

ತಿರುವಿನ ವಿಷಯ ಇನ್ನೂ ಕಷ್ಟ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಒಪ್ಪುವ ಅತಿ ಬಿಗಿ ತಿರುವು 175 ಮೀಟರ್ ರೇಡಿಯಸ್. ಅದನ್ನೇ ಕುಗ್ಗಿಸಿದರೆ ಎನ್‌ನಲ್ಲಿ 1.09 ಮೀಟರ್, ಎಚ್‌ಒದಲ್ಲಿ 2 ಮೀಟರ್. ಮನೆಯಲ್ಲಿ ಯಾರೂ ಇದನ್ನು ಹಾಕಲ್ಲ. ಡಬ್ಬಿ ಉದ್ದದ ಮೂರು ಪಟ್ಟು ರೇಡಿಯಸ್ ಇದ್ದರೆ ಸಾಕು ಅನ್ನೋದು ಹವ್ಯಾಸಿಗಳ ರೂಢಿ. ಎಲ್‌ಎಚ್‌ಬಿಗೆ ಅದು ಎಚ್‌ಒದಲ್ಲಿ 83 ಸೆಂ.ಮೀ., ಎನ್‌ನಲ್ಲಿ 45 ಸೆಂ.ಮೀ.

ಈಗ ಪ್ಲೈವುಡ್ ಅಂಗಡಿಗೆ ಬನ್ನಿ. 8×4 ಅಡಿ ಶೀಟ್ ಮೇಲೆ ಎಚ್‌ಒದ 57 ಸೆಂ.ಮೀ. ತಿರುವು ಅಂಚಿಗೆ ಅಂಟಿಕೊಂಡು ಕೂರುತ್ತದೆ. ಅದು ಮೂರಲ್ಲ, ಎರಡು ಪಟ್ಟು. ಅಲ್ಲಿ ಎಲ್‌ಎಚ್‌ಬಿ ಓಡುತ್ತದೆ, ಆದರೆ ಡಬ್ಬಿಯ ಮೂಲೆ ಹಳಿಯಿಂದ ಆಚೆ ಚಾಚಿ ನೋಡೋಕೆ ಕಸಿವಿಸಿ. ಎನ್‌ಗೆ ನಾನು ತಂದಿದ್ದು ಪ್ಲೈ ಶೀಟಲ್ಲ, ಎರಡೂವರೆ ಅಡಿ ಅಗಲದ ಒಂದು ಫ್ಲಶ್ ಡೋರ್. ಬಾಗಿಲು ಹಗುರ, ಬಾಗಲ್ಲ, ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿ ಇಡಬಹುದು. ಅದರ ಮೇಲೆ ಜಪಾನಿನ ಕಾಟೊ ಕಂಪನಿಯ ಯೂನಿಟ್ರ್ಯಾಕ್ ಹಳಿಯ 348 ಮಿ.ಮೀ. ತಿರುವು ಆರಾಮಾಗಿ ಕೂರುತ್ತದೆ. ಇದೂ ಮೂರು ಪಟ್ಟಾಗಲಿಲ್ಲ ನಿಜ, ಆದರೆ ಎರಡು ದಾಟಿತು. ಇನ್ನೊಂದು ಅನುಕೂಲ ಇದೆ. ಎರಡೂವರೆ ಅಡಿ ಬಾಗಿಲ ಆಚೆ ತುದಿಗೆ ಕೈ ಎಟುಕುತ್ತದೆ. ಗೋಡೆಗೆ ತಾಗಿಸಿದ ನಾಲ್ಕಡಿ ಶೀಟಿನ ಹಿಂದಿನ ಹಳಿ ಮೇಲೆ ಡಬ್ಬಿ ಮಗುಚಿದರೆ ಹೊಟ್ಟೆ ಮೇಲೆ ಮಲಗಿ ತೆಗೀಬೇಕು.

ಏರಿನ ಮಾತೂ ಬರಲಿ. 50ಕ್ಕೆ 1ರಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕಾದರೆ ಎನ್‌ಗೆ 5 ಸೆಂ.ಮೀ. ಎತ್ತರ, ಅಂದರೆ ಎರಡೂವರೆ ಮೀಟರ್ ಓಟ ಬೇಕು. ಎಚ್‌ಒಗೆ ಏಳೂವರೆ ಸೆಂ.ಮೀ. ಹಿಡಿದರೂ ಮೂರೂ ಮುಕ್ಕಾಲು ಮೀಟರ್. ಅಷ್ಟೇ ದೂರ ಇಳಿಯಲೂ ಬೇಕು. ಘಾಟಿ ಮಾಡಬೇಕು ಅಂತ ಹೊರಟವನಿಗೆ ಇಲ್ಲಿಗೇ ತೀರ್ಮಾನ ಆಗಿಬಿಡುತ್ತದೆ.

ತೂಕ, ಧೂಳು, ಹಳಿ ಒರೆಸುವ ಕೆಲಸ

ಇಲ್ಲಿ ಎನ್ ಸೋಲುತ್ತದೆ, ಅದೂ ಜೋರಾಗಿಯೇ. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಸ್ಥೆ ಎನ್‌ಎಂಆರ್‌ಎ ಡಬ್ಬಿಗಳಿಗೆ ತೂಕದ ಶಿಫಾರಸು ಕೊಟ್ಟಿದೆ. ಆ ಲೆಕ್ಕದಲ್ಲಿ ನಮ್ಮ ಎಲ್‌ಎಚ್‌ಬಿ ಡಬ್ಬಿ ಎಚ್‌ಒದಲ್ಲಿ ಸುಮಾರು 180 ಗ್ರಾಂ ಇರಬೇಕು, ಎನ್‌ನಲ್ಲಿ 40 ಗ್ರಾಂ. ಉದ್ದ ಅರ್ಧಕ್ಕೆ ಹತ್ತಿರ, ತೂಕ ಕಾಲು ಭಾಗಕ್ಕೂ ಕಡಿಮೆ. ಎಂಜಿನ್ನಿನದೂ ಇದೇ ಕಥೆ. ತೂಕ ಇಲ್ಲದ ಚಕ್ರ ಹಳಿಯನ್ನು ಗಟ್ಟಿಯಾಗಿ ಒತ್ತಲ್ಲ. ಎಂಜಿನ್‌ಗೆ ಕರೆಂಟ್ ಬರೋದೇ ಹಳಿಯಿಂದ, ನಡುವೆ ಒಂದು ಚೂರು ಧೂಳು ಸಿಕ್ಕರೂ ಕರೆಂಟ್ ಕಟ್. ಗಾಡಿ ತಡವರಿಸಿ ನಿಲ್ಲುತ್ತದೆ. ಬೆರಳಲ್ಲಿ ನೂಕಬೇಕು.

ಬೆಂಗಳೂರಿನ ರಸ್ತೆ ಬದಿಯ ಮನೆ ನಮ್ಮದು. ಕಿಟಕಿ ತೆಗೆದಿಟ್ಟರೆ ಸಂಜೆಗೆ ಹಳಿ ಮೇಲೆ ಬೆರಳಾಡಿಸಿದರೆ ಬೂದು ಬಣ್ಣ. ಎಚ್‌ಒ ಇಂಥ ಹಳಿ ಮೇಲೂ ಗೊಣಗದೆ ಓಡುತ್ತದೆ. ಎನ್‌ಗೆ ಓಡಿಸೋ ಮುಂಚೆ ಪ್ರತಿ ಸಲ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಲೇಬೇಕು. ಡಬ್ಬಿಗಳ ಪ್ಲಾಸ್ಟಿಕ್ ಚಕ್ರ ತೆಗೆದು ಲೋಹದ ಚಕ್ರ ಹಾಕಿದರೆ ಹಳಿ ಮೇಲೆ ಕೊಳೆ ಕೂರೋದು ಕಡಿಮೆಯಾಗುತ್ತದೆ. ಹಳೇ ಗಾಡಿಗಳಿಗೆ ಮಾಡಬೇಕಾದ ಮೊದಲ ರಿಪೇರಿ ಅದೇ. ಎಚ್‌ಒದಲ್ಲಿ ಇದು ಐದು ನಿಮಿಷದ ಕೆಲಸ. ಎನ್‌ನಲ್ಲಿ ಚಿಮುಟ ಬೇಕು, ಕನ್ನಡಕ ಬೇಕು, ಚಕ್ರ ಹಾರಿ ಸೋಫಾ ಕೆಳಗೆ ಹೋದಾಗ ತಾಳ್ಮೆಯೂ ಬೇಕು.

ಡಬ್ಲ್ಯುಡಿಎಂ-2 ಎರಡು ಸಲ

ನಮ್ಮ ರೈಲ್ವೆಯ ಮಾದರಿಗಳು ಎಚ್‌ಒದಲ್ಲಿ ಅಷ್ಟಿಷ್ಟಾದರೂ ಸಿಗುತ್ತವೆ. ದೇಶದಲ್ಲೇ ಸಣ್ಣ ಪ್ರಮಾಣದಲ್ಲಿ ಮಾಡುವವರಿದ್ದಾರೆ. ಎನ್‌ನಲ್ಲಿ ಬಹುಪಾಲು ನೀವೇ ಮಾಡಿಕೊಳ್ಳಬೇಕು. ಹಾಗಾಗಿ ಒಂದೇ ಎಂಜಿನ್ನನ್ನು ಎರಡರಲ್ಲೂ ಮಾಡಿ ನೋಡಿದೆ: ಡಬ್ಲ್ಯುಡಿಎಂ-2. ಇದು ಡೀಸೆಲ್ ಎಂಜಿನ್, ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, ವಾರಾಣಸಿಯಲ್ಲಿ 1964ರಿಂದ ತಯಾರಾಯಿತು. ಬಫರ್ ಸೇರಿ 17.12 ಮೀಟರ್. ಎಚ್‌ಒದಲ್ಲಿ ಹತ್ತಿರ ಹತ್ತಿರ 20 ಸೆಂ.ಮೀ., ಎನ್‌ನಲ್ಲಿ 10.7.

ಇದರ ಬೋಗಿ (ಡಬ್ಬಿಯಲ್ಲ, ಎಂಜಿನ್ ಅಡಿಯ ಚಕ್ರಗಳ ಚೌಕಟ್ಟು) ನೋಡಿದ್ದೀರಾ? ಮೂರು ಆ್ಯಕ್ಸಲ್‌ಗಳ ನಡುವಿನ ದೂರ ಸಮ ಇಲ್ಲ. ಎರಡು ಹತ್ತಿರ, ಒಂದು ದೂರ. ಮಾಮೂಲಿ ಆರು ಚಕ್ರದ ಬೋಗಿಯ ಷಾಸಿ ಹಾಕಿದರೆ ಗೊತ್ತಿರುವವರ ಕಣ್ಣಿಗೆ ತಕ್ಷಣ ಕುಕ್ಕುತ್ತದೆ. ಪುಣ್ಯಕ್ಕೆ ಆಲ್ಕೊದ ಹಳೇ ಆರ್‌ಎಸ್‌ಡಿ-4/5 ಎಂಜಿನ್‌ಗೂ ಇಂಥದ್ದೇ ಬೋಗಿ. ಅದನ್ನು ಅಟ್ಲಾಸ್ ಕಂಪನಿ ಎಚ್‌ಒ, ಎನ್ ಎರಡರಲ್ಲೂ ಮಾಡಿದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಷಾಸಿ ಸಮಸ್ಯೆ ಮುಗೀತು. ಮೇಲಿನ ಬಾಡಿ ರೆಸಿನ್ 3ಡಿ ಪ್ರಿಂಟ್.

ಇಲ್ಲಿಂದ ಎರಡರ ದಾರಿ ಬೇರೆ. ಎಚ್‌ಒದಲ್ಲಿ ಹ್ಯಾಂಡ್‌ರೇಲ್‌ಗೆ 0.4 ಮಿ.ಮೀ. ಹಿತ್ತಾಳೆ ತಂತಿ ಬಗ್ಗಿಸಿದೆ. ಕೈ ಡ್ರಿಲ್‌ನಲ್ಲಿ ತೂತು ಕೊರೆದು ಒಂದೊಂದೇ ಕಂಬ ನಿಲ್ಲಿಸಿದೆ. ನಿಧಾನದ ಕೆಲಸ, ಆದರೆ ಖುಷಿ ಕೊಡುವ ಕೆಲಸ. ಮುಗಿದ ಮೇಲೆ ಆ ಎಂಜಿನ್ನನ್ನು ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ಎನ್‌ಗೆ ಅದೇ ಅಳತೆಯಲ್ಲಿ 0.2 ಮಿ.ಮೀ. ತಂತಿ ಬೇಕು. ಮ್ಯೂಸಿಕ್ ಅಂಗಡಿಯಿಂದ ಗಿಟಾರಿನ ಅತಿ ತೆಳು ತಂತಿ ತಂದೆ, 0.25. ನಡೆಯುತ್ತದೆ. ಆದರೆ ಉಕ್ಕಿನ ತಂತಿ ಹೇಳಿದಂತೆ ಬಗ್ಗಲ್ಲ, ರೆಸಿನ್ ಗೋಡೆ ತೂತು ಹಾಕುವಾಗಲೇ ಚೂರಾಗುತ್ತದೆ. ರೇಲ್ ಸೇರಿಸಿಯೇ ಪ್ರಿಂಟ್ ಮಾಡಿಸಿದರೆ ಮುಟ್ಟಿದಾಗ ಮುರೀತು ಅಂತಲೇ ಲೆಕ್ಕ. ಕ್ಯಾಬ್ ಕೆಳಗೆ ಕೃಷ್ಣರಾಜಪುರಂ ಶೆಡ್‌ನ ‘ಕೆಜೆಎಂ’ ಅಕ್ಷರ ಎಚ್‌ಒದಲ್ಲಿ ಓದಬಹುದು. ಎನ್‌ನಲ್ಲಿ ಅದು ಮೂರು ಚುಕ್ಕಿ.

ಸ್ಟೇಷನ್ ಬೋರ್ಡಿನ ಪಾಡೂ ಇದೇ. ಹಳದಿ ಬೋರ್ಡ್, ಕಪ್ಪು ಅಕ್ಷರ, ಮೂರು ಭಾಷೆ. ನಿಜದ ಅಕ್ಷರ 30 ಸೆಂ.ಮೀ. ಎತ್ತರ ಅಂದುಕೊಂಡರೆ ಎಚ್‌ಒದಲ್ಲಿ ಮೂರೂವರೆ ಮಿ.ಮೀ., ಎನ್‌ನಲ್ಲಿ ಎರಡಕ್ಕೂ ಕಡಿಮೆ. ‘ಸುಬ್ರಹ್ಮಣ್ಯ’ದ ಒತ್ತಕ್ಷರಗಳು ಇಂಕ್‌ಜೆಟ್‌ನಲ್ಲಿ ಕಲಸಿಹೋಗಿ ಮಸಿ ಆಗುತ್ತವೆ. ಲೇಸರ್ ಪ್ರಿಂಟ್ ತೆಗೆಸಿದರೆ ಪರವಾಗಿಲ್ಲ. ಎಡಕುಮೇರಿ, ಸಿರಿಬಾಗಿಲು ಇಂಥ ಹೆಸರುಗಳು ಸಲೀಸು. ನನ್ನ ಬಾಗಿಲ ಮೇಲಿನ ಸ್ಟೇಷನ್ ಎಡಕುಮೇರಿ ಆಗಿದ್ದಕ್ಕೆ ಅರ್ಧ ಕಾರಣ ಇದೇ ಇರಬಹುದು.

ಡಿಸಿಸಿ (ಒಂದೊಂದು ಎಂಜಿನ್ನನ್ನೂ ಬೇರೆ ಬೇರೆಯಾಗಿ ನಡೆಸುವ ಡಿಜಿಟಲ್ ಕಂಟ್ರೋಲ್) ಮತ್ತು ಸದ್ದಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಚ್‌ಒ ಎಂಜಿನ್‌ನಲ್ಲಿ ಅದರ ಡಿಕೋಡರ್ ಬೋರ್ಡಿಗೂ ಸ್ಪೀಕರ್‌ಗೂ ಜಾಗ ಇದೆ, ಆಲ್ಕೊ ಗುಡುಗು ಗುಡುಗಿನ ಹಾಗೇ ಕೇಳುತ್ತದೆ. ಎನ್‌ನಲ್ಲಿ ಹೊಸ ಎಂಜಿನ್‌ಗಳಿಗೆ ಡಿಕೋಡರ್ ಕೂರಿಸುವ ನೆಕ್ಸ್ಟ್18 ಸಾಕೆಟ್ ಬರುತ್ತಿದೆ. ಹಳೇವಕ್ಕೆ ಷಾಸಿಯ ಲೋಹವನ್ನೇ ಕೊರೆದು ಜಾಗ ಮಾಡಬೇಕು. ಆಮೇಲೆ ಬರೋ ಸದ್ದು ಸೊಳ್ಳೆಯದು.

ಗಿಡ ಮರ

ಇಲ್ಲಿ ಮತ್ತೆ ಎನ್ ಮೇಲುಗೈ. ಅಡಿಕೆ ಮರ 15 ಮೀಟರ್ ಎತ್ತರ, ಕಾಂಡ ಸುಮಾರು 15 ಸೆಂ.ಮೀ. ದಪ್ಪ ಅಂತ ಇಟ್ಟುಕೊಂಡರೆ ಎನ್‌ನಲ್ಲಿ 9 ಸೆಂ.ಮೀ. ಎತ್ತರ, 1 ಮಿ.ಮೀ. ದಪ್ಪ. ತೆಂಗಿನ ಕಡ್ಡಿ ಪೊರಕೆಯ ತುದಿ ಭಾಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಚ್‌ಒಗೆ ಅದೇ ಕಡ್ಡಿಯ ಬುಡದ ಭಾಗ. ಹಸಿರು ಕಾಗದ ಕತ್ತರಿಸಿ ಅಂಚು ಸೀಳಿ ಗರಿ ಅಂಟಿಸಿದರೆ ಮರ ತಯಾರು. ಆದರೆ ಎಚ್‌ಒದಲ್ಲಿ ಪ್ರತಿ ಗರಿಯ ಸೀಳೂ ಕಾಣುತ್ತದೆ, ಕಾಯಿ ಗೊನೆಯೂ ಬೇಕು ಅನಿಸುತ್ತದೆ. ಹತ್ತು ಮರಕ್ಕೇ ಸುಸ್ತು. ಎನ್‌ನಲ್ಲಿ ತೋಟಕ್ಕೆ ತೋಟವೇ ಎಬ್ಬಿಸಬಹುದು, ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ.

ಗುಡ್ಡಕ್ಕೆ ಎರಡರಲ್ಲೂ ಥರ್ಮೋಕೋಲ್, ಜಲ್ಲಿಗೆ ನೀರು ಬೆರೆಸಿದ ಫೆವಿಕಾಲ್, ಅದಕ್ಕೆ ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್. ಕಾಡಿನ ನೆಲಕ್ಕೆ ಬಳಸಿದ ಚಹಾ ಪುಡಿ ಬಹಳ ಚೆನ್ನಾಗಿ ಒಪ್ಪುತ್ತದೆ. ಹಾಲು ಸಕ್ಕರೆ ಹಾಕಿ ಕುದಿಸಿದ್ದಾದರೆ ತೊಳೆದು ತವಾ ಮೇಲೆ ಚೆನ್ನಾಗಿ ಒಣಗಿಸಿ. ಇಲ್ಲದಿದ್ದರೆ ಎಡಕುಮೇರಿಗೆ ಇರುವೆ ಮೆರವಣಿಗೆ ಬರುತ್ತದೆ.

ಗೇಜ್ ವಿಷಯ

ಇದರಲ್ಲಿ ಎರಡೂ ಸಮಾನ ಸುಳ್ಳು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಎಚ್‌ಒದಲ್ಲಿ ಅದು 19.3 ಆಗಬೇಕು, ಸಿಗೋದು 16.5. ಎನ್‌ನಲ್ಲಿ 10.5 ಆಗಬೇಕು, ಸಿಗೋದು 9. ಮಾರುಕಟ್ಟೆಯ ಹಳಿಯೆಲ್ಲ 1435ರ ಸ್ಟ್ಯಾಂಡರ್ಡ್ ಗೇಜ್‌ಗೆ ಮಾಡಿದ್ದು. ಪಕ್ಕದಿಂದ ನೋಡಿದರೆ ಗೊತ್ತಾಗಲ್ಲ. ಎದುರಿನಿಂದ ನೋಡಿದರೆ ಎಚ್‌ಒದಲ್ಲಿ ದೊಡ್ಡ ದೇಹ, ಸಣ್ಣ ಕಾಲು ಅನ್ನೋದು ಎದ್ದು ಕಾಣುತ್ತದೆ. ಎನ್‌ನಲ್ಲಿ ಅಷ್ಟಾಗಿ ಕಾಡಲ್ಲ.

ಸರಿಯಾದ ಅಳತೆಯೇ ಬೇಕು ಅನ್ನುವ ಹಟ ಇದ್ದವರಿಗೆ ಬೆಂಗಳೂರಲ್ಲೇ ಒಂದು ದಾರಿ ಇದೆ: ನಮ್ಮ ಮೆಟ್ರೊ. ಅದು 1435 ಮಿ.ಮೀ. ಗೇಜ್. ಎಚ್‌ಒ, ಎನ್ ಎರಡಕ್ಕೂ ಹಳಿ ಸರಿಯಾಗಿ ಕೂರುತ್ತದೆ. ಮೇಲೆ ತಂತಿ ಇಲ್ಲ, ಕರೆಂಟ್ ಮೂರನೇ ಹಳಿಯಿಂದ. ಆರು ಡಬ್ಬಿ ಅಷ್ಟೆ. ಕಾಟೊದ ಜೋಡಿ ಹಳಿಯ ಮೇಲ್ಸೇತುವೆ ತುಂಡುಗಳನ್ನು ಜೋಡಿಸಿದರೆ ಅರ್ಧ ಊರು ಕಟ್ಟಿದ ಹಾಗೆ. ಇದನ್ನು ಯಾಕೆ ಹೆಚ್ಚು ಜನ ಮಾಡಲ್ಲವೋ!

ಇನ್ನು ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರದ ಹಳೇ ನ್ಯಾರೋಗೇಜ್ ನೆನಪಿರುವವರಿಗೆ ಎರಡೂ ಸ್ಕೇಲ್ ಬೇಕಾಗುತ್ತದೆ. ಆ ಗೇಜ್ 762 ಮಿ.ಮೀ. ಎಚ್‌ಒದಲ್ಲಿ 8.8. ಅಂದರೆ ಎನ್‌ನ 9 ಮಿ.ಮೀ. ಹಳಿ, ಎನ್‌ನ ಷಾಸಿ, ಮೇಲೆ ಎಚ್‌ಒದ ಬಾಡಿ. ಕಡಿಮೆ ಜಾಗ, ಬಿಗಿ ತಿರುವು, ಪುಟ್ಟ ಗಾಡಿ, ಕೈಗೆ ಸಿಗುವ ಗಾತ್ರ. ನನ್ನ ಮುಂದಿನ ಶೆಲ್ಫ್ ಇದಕ್ಕೇ ಮೀಸಲು.

ಕೊಳ್ಳುವಾಗ

ಎನ್ ಚಿಕ್ಕದು, ಹಾಗಾಗಿ ಅಗ್ಗ ಅಂದುಕೊಳ್ಳಬೇಡಿ. ಒಂದೊಂದು ಎಂಜಿನ್ ಬೆಲೆ ಹೆಚ್ಚೂ ಕಡಿಮೆ ಎಚ್‌ಒ ಹತ್ತಿರವೇ ಬರುತ್ತದೆ. ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಬೇರೆ. ಮೇಲಾಗಿ ಎನ್‌ನಲ್ಲಿ ಜಾಗ ಜಾಸ್ತಿ ಉಳಿಯೋದರಿಂದ ಗಾಡಿಗಳೂ ಜಾಸ್ತಿ ಸೇರುತ್ತವೆ.

ನಾನು ಲೇಔಟ್ ಎನ್‌ನಲ್ಲೇ ಉಳಿಸಿಕೊಂಡಿದ್ದೇನೆ. ಎಚ್‌ಒ ಲೇಔಟ್ ಬಿಚ್ಚಿಬಿಟ್ಟೆ, ಆದರೆ ಎಚ್‌ಒ ಎಂಜಿನ್‌ಗಳನ್ನು ಕೊಡಲಿಲ್ಲ. ಬಣ್ಣ ಹೊಡೆಯೋದು, ಕಪ್ಲರ್ ಬದಲಿಸೋದು, ಹ್ಯಾಂಡ್‌ರೇಲ್ ಹಾಕೋದು ಎಲ್ಲ ಅವುಗಳ ಮೇಲೇ. ಓಡಿಸಲು ಅಂತ ಒಂದೂವರೆ ಮೀಟರ್ ನೇರ ಹಳಿ ಇದೆ, ಸಾಕು. ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಮಾತ್ರ ಕಣ್ಣು ಮುಚ್ಚಿ ಎಚ್‌ಒ ತಗೊಳ್ಳಿ. ಎನ್ ಡಬ್ಬಿಯನ್ನು ಹಳಿ ಮೇಲೆ ಕೂರಿಸೋದು ದೊಡ್ಡವರಿಗೇ ಕಷ್ಟ, ಮಕ್ಕಳು ಸುಮ್ನೆ ಬೇಸರ ಮಾಡಿಕೊಳ್ಳುತ್ತವೆ.

ಯಾವುದೇ ತಗೊಂಡರೂ ಕಂಟ್ರೋಲರಿನ ಅಡಾಪ್ಟರ್ ಮೇಲೆ ಬರೆದಿದ್ದನ್ನು ಮೊದಲು ಓದಿ. ಜಪಾನಿನ ಕರೆಂಟ್ 100 ವೋಲ್ಟ್, ಅಮೆರಿಕದ್ದು 120, ನಮ್ಮದು 230. ಅಲ್ಲಿನ ಮಾರುಕಟ್ಟೆಗೆ ಮಾಡಿದ ಅಡಾಪ್ಟರನ್ನು ನೇರ ನಮ್ಮ ಪ್ಲಗ್‌ಗೆ ಚುಚ್ಚಿದರೆ ರೈಲು ಹೊರಡೋ ಮೊದಲೇ ಹೊಗೆ ಬರುತ್ತದೆ. ಪ್ಲೇಟಿನ ಮೇಲೆ 100–240 ಅಂತ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರನ್ನು ಗಾಡಿಯ ಜೊತೆಗೇ ತಂದುಬಿಡಿ.